ಬೆಂಗೇರಿ ಧ್ವಜ ಘಟಕ ಮತ್ತು ಧ್ವಜ ಸಂಹಿತೆ

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ರಾಷ್ಟ್ರಧ್ವಜ ತಯಾರಿಕಾ ಘಟಕವನ್ನು ನಡೆಸುತ್ತಿದೆ. ಐಎಸ್‌ಐ ಗುರುತಿನ ಖಾದಿ ಧ್ವಜಗಳನ್ನು ದೇಶದ ನಾನಾ ಭಾಗಗಳಿಗೆ ಕಳುಹಿಸುವ ಈ ಘಟಕದ ಮಾರುಕಟ್ಟೆ ಬಹುಕಾಲ ನಿಂತಿದ್ದು ಭಾರತದ ಧ್ವಜ ಸಂಹಿತೆಯ ಒಂದೇ ಒಂದು ವಾಕ್ಯದ ಮೇಲೆ. ಧ್ವಜವನ್ನು ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆಯಿಂದಲೇ ಮಾಡತಕ್ಕದ್ದು ಎಂಬ ಆ ವಾಕ್ಯಕ್ಕೆ 2021ರ ಡಿಸೆಂಬರ್ 30ರಂದು ತಿದ್ದುಪಡಿಯಾಯಿತು. ಯಂತ್ರದಲ್ಲಿ ತಯಾರಾದ ಬಟ್ಟೆಗೂ ಪಾಲಿಯೆಸ್ಟರ್‌ಗೂ ಅಂದಿನಿಂದ ಅವಕಾಶ ಸಿಕ್ಕಿತು. ಸರಕಾರದ ಆದೇಶವೊಂದು ಉದ್ಯಮವನ್ನು ಹೇಗೆ ಕಟ್ಟುತ್ತದೆ, ಅದೇ ಸರಕಾರದ ಇನ್ನೊಂದು ಆದೇಶ ಅದನ್ನು ಹೇಗೆ ಅಲುಗಾಡಿಸುತ್ತದೆ ಎಂಬುದಕ್ಕೆ ಉತ್ತರ ಕರ್ನಾಟಕದಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು.

ಹಿನ್ನೆಲೆ

ಸಂವಿಧಾನ ರಚನಾ ಸಭೆ ರಾಷ್ಟ್ರಧ್ವಜವನ್ನು ಅಂಗೀಕರಿಸಿದ್ದು 1947ರ ಜುಲೈ 22ರಂದು. ಆ ನಿರ್ಣಯದಲ್ಲಿ ಮೂರು ಬಣ್ಣ, ನಡುವಿನ ಚಕ್ರ, ಅಗಲ ಮತ್ತು ಉದ್ದದ 2:3ರ ಪ್ರಮಾಣ ಇವೆಲ್ಲ ಬಂದಿವೆ; ಬಟ್ಟೆ ಯಾವುದಿರಬೇಕು ಎಂಬ ಮಾತಿಲ್ಲ. ಆಗ ಅದರ ಅಗತ್ಯ ಯಾರಿಗೂ ಕಂಡಿರಲಿಕ್ಕಿಲ್ಲ, ಏಕೆಂದರೆ ಸ್ವಾತಂತ್ರ್ಯ ಚಳವಳಿಯಲ್ಲಿ ಧ್ವಜವೂ ಖಾದಿಯೂ ಒಂದನ್ನೊಂದು ಬಿಟ್ಟಿರಲಿಲ್ಲ. ಮುಂದೆ ಭಾರತೀಯ ಮಾನಕ ಸಂಸ್ಥೆ 1951ರಲ್ಲಿ ಧ್ವಜಕ್ಕೆ ಮಾನಕವನ್ನು ನಿಗದಿಪಡಿಸಿತು; 1968ರಲ್ಲಿ ಅದು ಪರಿಷ್ಕೃತವಾಯಿತು. ಈ ಮಾನಕದ ಸಂಖ್ಯೆ 'ಐಎಸ್ 1'. ಅಂದರೆ ಸ್ವತಂತ್ರ ಭಾರತ ಸಂಖ್ಯೆ ಕೊಟ್ಟು ಅಳತೆ ಕಟ್ಟಿದ ವಸ್ತುಗಳ ಪಟ್ಟಿಯಲ್ಲಿ ಮೊದಲನೆಯದು ಧ್ವಜವೇ. ಬಟ್ಟೆಯ ಎಳೆ, ಬಣ್ಣದ ಛಾಯೆ, ಹೊಲಿಗೆ, ಹಗ್ಗ ಎಲ್ಲಕ್ಕೂ ಅದರಲ್ಲಿ ಲೆಕ್ಕವಿದೆ.

ಧಾರವಾಡ ಸೀಮೆಗೆ ಈ ಕಸುಬು ಹೊಸದಲ್ಲ. ಧಾರವಾಡ ತಾಲ್ಲೂಕಿನ ಗರಗ ಗ್ರಾಮದ ಕ್ಷೇತ್ರೀಯ ಸೇವಾ ಸಂಘವು 1970ರ ದಶಕದಿಂದಲೇ ಧ್ವಜದ ಬಟ್ಟೆಯನ್ನು ನೇಯುತ್ತ ಬಂದಿದೆ. ಮಡಿವಾಳೇಶ್ವರ ಮಠದಿಂದ ಹೆಸರಾದ ಆ ಊರನ್ನು ಹೊರಗಿನವರು ಧ್ವಜದ ಊರೆಂದು ಗುರುತಿಸುವುದೂ ಉಂಟು. ಬೆಂಗೇರಿಯ ಸಂಯುಕ್ತ ಸಂಘ ಹುಟ್ಟಿದ್ದು 1957ರ ನವೆಂಬರ್ 1ರಂದು, ರಾಜ್ಯ ಏಕೀಕರಣವಾಗಿ ಸರಿಯಾಗಿ ಒಂದು ವರ್ಷಕ್ಕೆ. ವೆಂಕಟೇಶ ಮಾಗಡಿಯವರು ಮೊದಲ ಅಧ್ಯಕ್ಷರು. ರಾಜ್ಯದ ಹಲವು ಖಾದಿ ಸಂಸ್ಥೆಗಳನ್ನು ಒಂದೇ ಸೂರಿನಡಿ ತರುವುದು ಸ್ಥಾಪಕರ ಉದ್ದೇಶವಾಗಿತ್ತು. ಹದಿನೇಳು ಎಕರೆಯ ಆವರಣದಲ್ಲಿ ಬಟ್ಟೆ, ಜಮಖಾನೆ, ಸಾಬೂನು, ಜೇನುತುಪ್ಪ ಇವೆಲ್ಲದರ ಕೆಲಸ ನಡೆಯುತ್ತಿತ್ತು. ಧ್ವಜ ಬಂದದ್ದು ಬಹಳ ತಡವಾಗಿ.

ಸಂಹಿತೆ, ತೀರ್ಪು, ಪರವಾನಗಿ

ಸಾಮಾನ್ಯ ನಾಗರಿಕರು ಕೆಲವೇ ದಿನಗಳಂದು ಮಾತ್ರ ಧ್ವಜ ಹಾರಿಸಬಹುದಾಗಿದ್ದ ಕಾಲವೊಂದಿತ್ತು. ಕಾರ್ಖಾನೆಯ ಮೇಲೆ ಧ್ವಜ ಹಾರಿಸಲು ತಡೆ ಬಂದಾಗ ಉದ್ಯಮಿ ನವೀನ್ ಜಿಂದಾಲ್ ದೆಹಲಿ ಹೈಕೋರ್ಟಿಗೆ ಹೋದರು. 1995ರಲ್ಲಿ ಅವರ ಪರ ತೀರ್ಪು ಬಂತು. ಕೇಂದ್ರ ಗೃಹ ಸಚಿವಾಲಯ ಹಳೆಯ ಸೂಚನೆಗಳನ್ನೆಲ್ಲ ಕೂಡಿಸಿ ರೂಪಿಸಿದ ಭಾರತದ ಧ್ವಜ ಸಂಹಿತೆ 2002ರ ಜನವರಿ 26ರಿಂದ ಜಾರಿಗೆ ಬಂತು. ಇದರಿಂದ ಖಾಸಗಿ ಸಂಸ್ಥೆಗಳಿಗೂ ಮನೆಗಳಿಗೂ ಶಾಲೆಗಳಿಗೂ ವರ್ಷದ ಎಲ್ಲ ದಿನ ಧ್ವಜ ಹಾರಿಸುವ ಅವಕಾಶ ದೊರೆಯಿತು. ಧ್ವಜವು ಕೈನೂಲಿನ, ಕೈಮಗ್ಗದ ಉಣ್ಣೆ, ಹತ್ತಿ ಅಥವಾ ರೇಷ್ಮೆ ಖಾದಿಯದೇ ಆಗಿರಬೇಕು ಎಂಬ ಕಟ್ಟಳೆಯೂ ಅದೇ ಸಂಹಿತೆಯಲ್ಲಿತ್ತು. ಗಿರಾಕಿಗಳ ಸಂಖ್ಯೆ ಹಿಗ್ಗಿತು, ಮಾರುವವರ ಸಂಖ್ಯೆ ಮಾತ್ರ ಸಣ್ಣದಾಗಿಯೇ ಉಳಿಯಿತು. ಬೆಂಗೇರಿಗೆ ದಾರಿ ತೆರೆದದ್ದು ಹೀಗೆ. 2006ರ ಹೊತ್ತಿಗೆ ಖಾದಿ ಆಯೋಗದ ಒಪ್ಪಿಗೆಯೂ ಮಾನಕ ಸಂಸ್ಥೆಯ ಗುರುತೂ ಸಂಘದ ಕೈಯಲ್ಲಿದ್ದವು.

ಈ ನಡುವೆ, 2004ರ ಜನವರಿ 23ರಂದು, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ವಿ.ಎನ್. ಖರೆ ಅವರ ಪೀಠ ಜಿಂದಾಲ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಜನ ನೆನೆಯುವುದು ಧ್ವಜ ಹಾರಿಸುವುದು ಸಂವಿಧಾನದ 19(1)(ಎ) ವಿಧಿಯಡಿ ನಾಗರಿಕರ ಹಕ್ಕು ಎಂದು ಹೇಳಿದ್ದಕ್ಕಾಗಿ. ಆದರೆ ಬೆಂಗೇರಿಯ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು ಅದೇ ತೀರ್ಪಿನ ಇನ್ನೊಂದು ಮಾತು: ಧ್ವಜ ಸಂಹಿತೆ ಶಾಸನವಲ್ಲ, ಕಾರ್ಯಾಂಗದ ಸೂಚನೆ. ಪಾಲಿಸಬೇಕಾದದ್ದು ಹೌದು, ಆದರೆ ಸಂಸತ್ತು ಮಾಡಿದ್ದಲ್ಲ. ಶಿಕ್ಷೆ ವಿಧಿಸುವ ಬಲವಿರುವುದು 1950ರ ಲಾಂಛನ ಕಾಯ್ದೆಗೆ ಮತ್ತು 1971ರ ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆ ಕಾಯ್ದೆಗೆ. ಅವೆರಡರಲ್ಲೂ ಖಾದಿ ಕಡ್ಡಾಯವಲ್ಲ. ಹೀಗಾಗಿ ಖಾದಿಗಿದ್ದ ರಕ್ಷಣೆಯನ್ನು ತೆಗೆಯಲು ಮಸೂದೆ ಬೇಕಾಗಲಿಲ್ಲ, ಸದನದಲ್ಲಿ ಚರ್ಚೆಯೂ ಬೇಕಾಗಲಿಲ್ಲ. ತೀರ್ಪು ಬಂದಾಗ ಈ ಮಾತನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ತಯಾರಿಕೆಯ ಕ್ರಮ

ಧ್ವಜದ ಬಟ್ಟೆ ಬೆಂಗೇರಿಯಲ್ಲಿ ಹುಟ್ಟುವುದಿಲ್ಲ. ನೂಲುವುದು, ನೇಯುವುದು ಮುಖ್ಯವಾಗಿ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ, ಜಾಲಿಹಾಳ, ಗದ್ದನಕೇರಿ ಕಡೆಯ ಖಾದಿ ಕೇಂದ್ರಗಳಲ್ಲಿ. ಅಲ್ಲಿಂದ ಬಂದ ಬಟ್ಟೆಯನ್ನು ಬಿಳುಪುಗೊಳಿಸಿ ಮೂರು ಪಾಲು ಮಾಡುತ್ತಾರೆ. ಎರಡು ಪಾಲಿಗೆ ಕೇಸರಿ ಮತ್ತು ಹಸಿರು ಬಣ್ಣ ಹಾಕುತ್ತಾರೆ, ಒಂದು ಬಿಳಿಯಾಗಿಯೇ ಉಳಿಯುತ್ತದೆ. ಬಿಳಿ ಪಟ್ಟಿಯ ಮೇಲೆ ಇಪ್ಪತ್ನಾಲ್ಕು ಅರಗಳ ನೀಲಿ ಚಕ್ರವನ್ನು ಎರಡೂ ಬದಿಗೆ ಮುದ್ರಿಸುವುದೇ ಎಲ್ಲಕ್ಕಿಂತ ನಾಜೂಕಿನ ಕೆಲಸ. ಮುಂದಿನ ಚಕ್ರದ ಅರ ಹಿಂದಿನ ಅರದ ಮೇಲೆ ಕೂದಲೆಳೆಯಷ್ಟೂ ಸರಿಯದೆ ಕೂಡಬೇಕು. ಬೆಳಕಿಗೆ ಹಿಡಿದಾಗ ಎರಡಾಗಿ ಕಂಡರೆ ಆ ತುಂಡು ಹೋಯಿತೆಂದೇ ಲೆಕ್ಕ. ಆಮೇಲೆ ಪಟ್ಟಿಗಳ ಜೋಡಣೆ, ಹೊಲಿಗೆ, ಇಸ್ತ್ರಿ, ಹಗ್ಗ ಮತ್ತು ಮರದ ಗುಂಡಿ ಕಟ್ಟುವುದು. ಕಂಬಕ್ಕೆ ತಾಗುವ ಅಂಚಿಗೆ ಬೇರೆಯೇ ಬಗೆಯ ದಪ್ಪ ಖಾದಿ ಬೇಕು. ಸಾಮಾನ್ಯ ನೇಯ್ಗೆಗಿಂತ ಭಿನ್ನವಾಗಿ ಮೂರು ಎಳೆ ಹೆಣೆಯುವ ಆ ಬಟ್ಟೆಯನ್ನು ನೇಯಬಲ್ಲವರು ದೇಶದಲ್ಲೇ ಬೆರಳೆಣಿಕೆಯಷ್ಟು.

ಸಂಹಿತೆಯಲ್ಲಿರುವ ಅಳತೆಗಳು ಒಂಬತ್ತು. ದೊಡ್ಡದು 6300 × 4200 ಮಿಲಿಮೀಟರ್. ಮೇಜಿನ ಮೇಲಿಡುವ ಚಿಕ್ಕದು 150 × 100. ಗಣ್ಯರ ಕಾರಿಗೆ 225 × 150, ವಿಮಾನಕ್ಕೆ 450 × 300. ಕತ್ತರಿ, ಹೊಲಿಗೆ, ಮುದ್ರಣದಲ್ಲಿ ದುಡಿಯುವವರಲ್ಲಿ ಬಹುತೇಕರು ಸುತ್ತಲಿನ ಬಡಾವಣೆಗಳ ಹೆಣ್ಣುಮಕ್ಕಳು. ಬೇಡಿಕೆ ಆಗಸ್ಟ್ 15 ಮತ್ತು ಜನವರಿ 26ರ ಮುಂದೆ ಏರುವುದರಿಂದ ವರ್ಷವಿಡೀ ಹೊಲಿದು ದಾಸ್ತಾನು ಮಾಡಬೇಕು, ಬಂಡವಾಳ ಕಟ್ಟಿಹಾಕಬೇಕು. ಒಂದು ಆಗಸ್ಟ್ ಕೈಕೊಟ್ಟರೆ ಇಡೀ ವರ್ಷದ ಕೂಲಿಯ ಮೇಲೆ ಪೆಟ್ಟು.

2021–22ರ ತಿದ್ದುಪಡಿಗಳು

ಹೊಸ ವಾಕ್ಯದ ಪ್ರಕಾರ ಧ್ವಜವು ಕೈನೂಲಿನ ಮತ್ತು ಕೈಮಗ್ಗದ್ದಾಗಿರಬಹುದು ಅಥವಾ ಯಂತ್ರದ್ದಾಗಿರಬಹುದು. ಹತ್ತಿ, ಪಾಲಿಯೆಸ್ಟರ್, ಉಣ್ಣೆ, ರೇಷ್ಮೆ ಯಾವುದಾದರೂ ಸರಿ. 2022ರ ಜುಲೈಯಲ್ಲಿ ಬಂದ ಎರಡನೆಯ ತಿದ್ದುಪಡಿ ಮನೆಗಳ ಮೇಲೆ ಹಗಲೂ ರಾತ್ರಿಯೂ ಧ್ವಜ ಹಾರಿಸಲು ಅನುಮತಿ ಕೊಟ್ಟಿತು. ಇವೆರಡರ ಬೆನ್ನಿಗೇ ಸ್ವಾತಂತ್ರ್ಯದ ಅಮೃತ ಮಹೋತ್ಸವದ 'ಹರ್ ಘರ್ ತಿರಂಗಾ' ಅಭಿಯಾನ ಆಗಸ್ಟ್ 13ರಿಂದ 15ರವರೆಗೆ ನಡೆಯಿತು. ಅಂಚೆ ಕಚೇರಿಗಳಲ್ಲಿ ಧ್ವಜವೊಂದಕ್ಕೆ 25 ರೂಪಾಯಿ. ಸೂರತ್‌ನ ಗಿರಣಿಗಳು ರಾಶಿರಾಶಿಯಾಗಿ ಪಾಲಿಯೆಸ್ಟರ್ ಧ್ವಜ ಹೊರಹಾಕಿದವು. ಕೋಟಿಗಟ್ಟಲೆ ಮನೆಗಳಿಗೆ ಕೆಲವೇ ವಾರಗಳಲ್ಲಿ ಧ್ವಜ ಮುಟ್ಟಿಸುವುದು ಕೈಮಗ್ಗಕ್ಕೆ ಸಾಧ್ಯವಿರಲಿಲ್ಲ ಎಂಬ ಸರಕಾರದ ಕಡೆಯ ವಾದದಲ್ಲಿ ಹುರುಳಿದೆ. ಆದರೆ ಮೂರು ದಿನದ ಅಭಿಯಾನಕ್ಕೆ ತಾತ್ಕಾಲಿಕ ವಿನಾಯಿತಿ ಸಾಕಾಗುತ್ತಿತ್ತು. ಸರಕಾರಿ ಕಚೇರಿಯ ಕಂಬಕ್ಕೂ ಮನೆಯ ಗೇಟಿಗೂ ಒಂದೇ ನಿಯಮ ಮಾಡಿದ್ದಕ್ಕೆ ಆ ವಾದ ಉತ್ತರ ಕೊಡುವುದಿಲ್ಲ.

ಉಳಿದ ನಿಯಮಗಳೂ ಅದೇ ಮಳೆಗಾಲದಲ್ಲಿ ಬಂದವು. ಏಕಬಳಕೆಯ ಪ್ಲಾಸ್ಟಿಕ್ ನಿಷೇಧ 2022ರ ಜುಲೈ 1ರಂದು ಜಾರಿಯಾದಾಗ ಪಟ್ಟಿಯಲ್ಲಿ ಪ್ಲಾಸ್ಟಿಕ್ ಧ್ವಜಗಳೂ ಇದ್ದವು. ಪಾಲಿಯೆಸ್ಟರ್ ಸಹ ಪ್ಲಾಸ್ಟಿಕ್ಕಿನ ನೂಲೇ ಎಂಬುದನ್ನು ಯಾವ ನಿಯಮವೂ ಎಣಿಸಲಿಲ್ಲ. ಆಗಸ್ಟ್ 18ರಂದು ಹಣಕಾಸು ಸಚಿವಾಲಯವು ಯಂತ್ರದ ಧ್ವಜಕ್ಕೂ ಪಾಲಿಯೆಸ್ಟರ್ ಧ್ವಜಕ್ಕೂ ಜಿಎಸ್‌ಟಿ ಇಲ್ಲವೆಂದು ಸ್ಪಷ್ಟಪಡಿಸಿತು. ತೆರಿಗೆಯಲ್ಲಾದರೂ ಖಾದಿಗೆ ಮೇಲುಗೈ ಉಳಿದೀತೆಂಬ ಆಸೆ ಅಲ್ಲಿಗೆ ಮುಗಿಯಿತು.

ಪ್ರತಿಕ್ರಿಯೆ

2022ರ ಜುಲೈಯಲ್ಲಿ ಸಂಘದ ಪದಾಧಿಕಾರಿಗಳೂ ಕಾರ್ಮಿಕರೂ ತಿದ್ದುಪಡಿ ವಿರೋಧಿಸಿ ಪ್ರತಿಭಟಿಸಿದರು, ಪ್ರಧಾನಿಗೆ ಮನವಿ ಬರೆದರು. ಆಗಸ್ಟ್ ಮೊದಲ ವಾರ ರಾಹುಲ್ ಗಾಂಧಿ ಘಟಕಕ್ಕೆ ಭೇಟಿ ಕೊಟ್ಟರು; ವಿಷಯ ಪಕ್ಷ ರಾಜಕಾರಣದ ಅಂಗಳಕ್ಕೆ ಹೋಯಿತು, ಅದರಿಂದ ಸಂಘಕ್ಕೆ ಪ್ರಚಾರ ಸಿಕ್ಕಿತೇ ಹೊರತು ವಾಕ್ಯ ಬದಲಾಗಲಿಲ್ಲ. ಅಮೃತ ಮಹೋತ್ಸವದ ವರ್ಷದಲ್ಲಿ ದಾಖಲೆಯ ವ್ಯಾಪಾರ ನಿರೀಕ್ಷಿಸಿದ್ದ ಸಂಘವು ಬೇಡಿಕೆ ಕುಸಿದಿದೆ ಎಂದು ಅಳಲು ತೋಡಿಕೊಂಡಿತು. ಬೆಂಗೇರಿಯ ನಷ್ಟ ಬೆಂಗೇರಿಯಲ್ಲಷ್ಟೇ ನಿಲ್ಲುವುದಲ್ಲ. ಇಲ್ಲಿ ಹೊಲಿಗೆ ನಿಂತರೆ ಬಾಗಲಕೋಟೆಯ ಹಳ್ಳಿಗಳಲ್ಲಿ ಚರಕವೂ ಮಗ್ಗವೂ ನಿಲ್ಲುತ್ತವೆ.

ತಿದ್ದುಪಡಿ ಖಾದಿ ಧ್ವಜವನ್ನು ನಿಷೇಧಿಸಿಲ್ಲ, ಪಾಲಿಯೆಸ್ಟರನ್ನು ಕಡ್ಡಾಯ ಮಾಡಿಯೂ ಇಲ್ಲ. ಯಾವ ಬಟ್ಟೆಯ ಧ್ವಜ ಕೊಳ್ಳಬೇಕೆಂಬ ಆಯ್ಕೆ ರಾಜ್ಯ ಸರಕಾರಕ್ಕೂ ಜಿಲ್ಲಾ ಪಂಚಾಯ್ತಿಗೂ ಮಹಾನಗರ ಪಾಲಿಕೆಗೂ ಶಾಲೆಗೂ ಇದ್ದೇ ಇದೆ. ತಮ್ಮ ಕಂಬಗಳಿಗೆ ಖಾದಿ ಧ್ವಜವನ್ನೇ ಕೊಳ್ಳಬೇಕೆಂಬ ಸುತ್ತೋಲೆ ಹೊರಡಿಸಲು ಅವುಗಳಿಗೆ ದೆಹಲಿಯ ಅನುಮತಿ ಬೇಕಿಲ್ಲ.