ಆಧಾರ ಏನು?

ಇತಿಹಾಸದ ತರಗತಿಯಲ್ಲಿ ನಾನು ಮಕ್ಕಳಿಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಇದಕ್ಕೆ ಆಧಾರ ಏನು?" ಶಾಸನವೋ ನಾಣ್ಯವೋ ಕಡತವೋ ಇಲ್ಲದಿದ್ದರೆ ಅದು ಐತಿಹ್ಯ, ಇತಿಹಾಸವಲ್ಲ ಎಂದು ಹೇಳಿಕೊಡುತ್ತೇನೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ನಮ್ಮೂರಲ್ಲಿ ಹೆರಿಗೆ ಎಲ್ಲಾ ನಮ್ಮಜ್ಜೀನೇ ಮಾಡಿಸ್ತಿದ್ರಂತೆ. ಅದಕ್ಕೆ ಆಧಾರ ಇಲ್ಲ. ಹಾಗಾದ್ರೆ ಅದು ಸುಳ್ಳಾ?" ಎಂದಳು. ಏನೋ ಹೇಳಿ ಪಾಠ ಮುಂದುವರಿಸಿದೆ. ಆದರೆ ಆ ಪ್ರಶ್ನೆ ನನ್ನ ಜೊತೆ ಮನೆಗೂ ಬಂತು.

ಇದೇ ಪ್ರಶ್ನೆಯನ್ನಿಟ್ಟುಕೊಂಡು ವರ್ಷಗಟ್ಟಲೆ ಜಗಳವಾಡಿದವರು ವಿಕಿಪೀಡಿಯದ ಬರಹಗಾರರು. 2001ರ ಜನವರಿಯಲ್ಲಿ ಇಂಗ್ಲಿಷಿನಲ್ಲಿ ಹುಟ್ಟಿ, 2003ರಲ್ಲಿ ಕನ್ನಡಕ್ಕೂ ಬಂದ ಈ ವಿಶ್ವಕೋಶವನ್ನು ಕಟ್ಟಿದವರು ಸಂಬಳವಿಲ್ಲದ ಸ್ವಯಂಸೇವಕರು. ಯಾರು ಬೇಕಾದರೂ ಬರೆಯಬಹುದು. ಆದರೆ ಬರೆದದ್ದಕ್ಕೆ ಬೇರೆಯವರು ಪ್ರಕಟಿಸಿದ, ನಂಬತಕ್ಕ ಆಧಾರ ತೋರಿಸಬೇಕು. "ನನಗೆ ಗೊತ್ತು" ಎಂದರೆ ಅಲ್ಲಿ ನಡೆಯದು.

ಈ ಬಿಗಿ ಯಾಕೆ ಬೇಕೆಂಬುದನ್ನು 2005ರ ಘಟನೆಯೊಂದು ತೋರಿಸಿತು. ಜಾನ್ ಸೀಗೆನ್‌ಥಾಲರ್ ಅಮೆರಿಕದ ಹಿರಿಯ ಪತ್ರಕರ್ತ, ರಾಬರ್ಟ್ ಕೆನಡಿಯವರ ಆಪ್ತ. ಕೆನಡಿ ಸೋದರರ ಕೊಲೆಯಲ್ಲಿ ಅವರ ಮೇಲೆಯೇ ಸಂಶಯವಿತ್ತೆಂದು ಯಾರೋ ಅನಾಮಿಕರು ಬರೆದುಬಿಟ್ಟರು. ಆ ಹಸಿ ಸುಳ್ಳು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದೆ ಹಾಗೆಯೇ ಉಳಿಯಿತು. ಅಲ್ಲಿಂದ ಮುಂದೆ, ಬದುಕಿರುವವರ ಬಗ್ಗೆ ಬರೆಯುವಾಗ ಆಧಾರದ ನಿಯಮ ಇನ್ನಷ್ಟು ಕಠಿಣವಾಯಿತು. ಒಬ್ಬರ ಮಾನ ಉಳಿಸಲು ಬೇಲಿ ಬೇಕಲ್ಲವೇ? ಇದು ನ್ಯಾಯವೇ.

ಆದರೆ ಬೇಲಿಯ ಹೊರಗೆ ಉಳಿದವರು ಯಾರು ನೋಡಿ. ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಕೆನಡಾದ ಭೌತವಿಜ್ಞಾನಿ. ವಿದ್ಯಾರ್ಥಿನಿಯಾಗಿದ್ದಾಗಲೇ, 1985ರಲ್ಲಿ, ತಮ್ಮ ಗುರು ಜೆರಾರ್ ಮುರು ಅವರೊಂದಿಗೆ ಲೇಸರ್ ಬೆಳಕಿನ ಶಕ್ತಿಯನ್ನು ಅಪಾರವಾಗಿ ಹೆಚ್ಚಿಸುವ ವಿಧಾನವನ್ನು ಪ್ರಕಟಿಸಿದ್ದರು. 2018ರಲ್ಲಿ ಸ್ವಯಂಸೇವಕರೊಬ್ಬರು ಅವರ ಬಗ್ಗೆ ವಿಕಿಪೀಡಿಯಕ್ಕೆ ಲೇಖನದ ಕರಡು ಸಲ್ಲಿಸಿದರು. ಕೊಟ್ಟ ಆಧಾರಗಳು ಸಾಲವೆಂದು ಮೇ ತಿಂಗಳಲ್ಲಿ ಅದು ತಿರಸ್ಕೃತವಾಯಿತು. ಗುರು ಮುರು ಅವರ ಲೇಖನ ಮಾತ್ರ ಮೊದಲೇ ಅಲ್ಲಿತ್ತು. ಅದೇ ಅಕ್ಟೋಬರ್ 2ರಂದು ಗುರು–ಶಿಷ್ಯೆ ಇಬ್ಬರಿಗೂ ನೊಬೆಲ್ ಬಂತು. 1903ರ ಮೇರಿ ಕ್ಯೂರಿ, 1963ರ ಮರಿಯಾ ಗೋಪರ್ಟ್ ಮೇಯರ್ ಅವರ ನಂತರ ಭೌತವಿಜ್ಞಾನದಲ್ಲಿ ಆ ಗೌರವ ಪಡೆದ ಮೂರನೆಯ ಹೆಂಗಸು ಆಕೆ. ಅವರ ಲೇಖನ ಅಂದೇ ಸಿದ್ಧವಾಯಿತೆನ್ನಿ.

ಕರಡನ್ನು ತಿರಸ್ಕರಿಸಿದವರನ್ನು ಬೈಯುವುದು ಸುಲಭ. ಪತ್ರಿಕೆಗಳು ಆಕೆಯ ಬಗ್ಗೆ ಮೊದಲೇ ಬರೆದಿದ್ದರೆ ಆಧಾರಕ್ಕೆ ಕೊರತೆಯಾಗುತ್ತಿತ್ತೇ? ವಿಕಿಪೀಡಿಯ ಲೋಕದ ತಾರತಮ್ಯವನ್ನು ತೋರಿಸುವ ಕನ್ನಡಿ, ತಾನೇ ಅದಕ್ಕೆ ಕಾರಣವಲ್ಲ ಎಂದು ಆ ಸಂಸ್ಥೆಯ ಅಂದಿನ ಮುಖ್ಯಸ್ಥೆ ಕ್ಯಾಥರೀನ್ ಮಾಹರ್ ವಾದಿಸಿದರು. ಮಾತು ನಿಜವೇ. ಆದರೆ ಮುಖವೇ ಕಾಣದಿದ್ದಾಗ ಕನ್ನಡಿಗೂ ಸ್ವಲ್ಪ ನಾಚಿಕೆಯಾಗಬೇಡವೇ?

ಇನ್ನು ನಮ್ಮ ಅಜ್ಜಿಯರ ವಿದ್ಯೆ. ಅದು ಕಾಗದ ಕಂಡದ್ದೇ ಅಪರೂಪ. ಬೆಂಗಳೂರಿನ ಅಚಲ್ ಪ್ರಭಾಲ ಮತ್ತು ಗೆಳೆಯರು 2011ರಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕದ ಹಳ್ಳಿಗಳಲ್ಲಿ ಜನರ ಮಾತನ್ನು ಧ್ವನಿಮುದ್ರಿಸಿ, ಆ ಮಾತೂ ಆಧಾರವಾಗಬಾರದೇಕೆ ಎಂದು ಕೇಳಿದರು. ಮಲಯಾಳಂ, ಹಿಂದಿ ಮತ್ತು ಆಫ್ರಿಕದ ಸೆಪೆಡಿ ಭಾಷೆಗಳಲ್ಲಿ ಆ ಪ್ರಯತ್ನ ನಡೆಯಿತು. ಹೇಳಿದವರ ಮಾತನ್ನು ಪರೀಕ್ಷಿಸುವವರು ಯಾರು ಎಂದು ಉಳಿದವರು ಆಕ್ಷೇಪಿಸಿದರು. ಎರಡೂ ಮಾತಿನಲ್ಲಿ ಹುರುಳಿದೆ.

ನಾನು ಆ ಪ್ರಶ್ನೆಯನ್ನು ಬಿಟ್ಟಿಲ್ಲ. ಸುಳ್ಳನ್ನು ತಡೆಯಲು ಬೇರೆ ದಾರಿ ನನಗೆ ಕಾಣದು. ಆದರೆ ಆಧಾರ ಇಲ್ಲದ್ದೆಲ್ಲ ನಡೆದೇ ಇಲ್ಲ ಎಂದು ಈಗ ಹೇಳುವುದಿಲ್ಲ. ಯಾರೂ ಬರೆದಿಡಲಿಲ್ಲ ಎನ್ನುತ್ತೇನೆ.

ಆ ಹುಡುಗಿಯನ್ನು ಕರೆದು ಒಂದು ನೋಟ್‌ಬುಕ್ ಕೊಟ್ಟೆ. ಅಜ್ಜಿ ಹೇಳಿದ್ದನ್ನು ದಿನಾಂಕ ಹಾಕಿ ಬರೆದುಕೋ, ಆ ಕೈಯಲ್ಲಿ ಹುಟ್ಟಿದವರನ್ನೂ ವಿಚಾರಿಸು ಎಂದೆ. ಮೊದಲ ಪುಟದಲ್ಲಿ ಅಜ್ಜಿಯ ಪೂರ್ತಿ ಹೆಸರು ಬರೆ ಎಂದಾಗ ಪೆನ್ನು ಹಿಡಿದು ಸುಮ್ಮನೆ ನಿಂತಳು.

"ಎಲ್ರೂ ಅಜ್ಜಿ ಅಂತಾನೇ ಕರೆಯೋದು ಮಿಸ್. ಹೆಸರು ಕೇಳ್ಕೊಂಡು ಬರ್ತೀನಿ."