ಮೆಕ್ಕೆಜೋಳದ ಸಾಲು ಎಣಿಸುತ್ತಿದ್ದ ಹುಡುಗ

ಕಳೆದ ಮಾರ್ಚಿನಲ್ಲಿ, ಪರೀಕ್ಷೆಯ ಗಡಿಬಿಡಿಯ ನಡುವೆ, ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಶಾಲೆಗೆ ಬಂದರು. ಹುಡುಗ ನಾಲ್ಕನೆಯ ತರಗತಿಯವರೆಗೆ ನಮ್ಮಲ್ಲೇ ಇದ್ದವನು. ಆಮೇಲೆ ಪಂಚಾಯತಿನ ಬಡ್ಸ್ ಶಾಲೆಗೆ ಹೋಗುತ್ತಿದ್ದ. ಈಗ ಅವನಿಗೆ ಹದಿನೆಂಟು ತುಂಬಿದೆ. "ಮಾಷ್ಟ್ರೇ, ಇಷ್ಟು ದಿನ ಬೆಳಗಾದರೆ ಚೀಲ ಹೆಗಲಿಗೆ ಹಾಕಿ ಹೊರಡಲು ಒಂದು ಜಾಗ ಇತ್ತು. ಇನ್ನು ಇವ ಎಲ್ಲಿಗೆ ಹೋಗುವುದು?" ಎಂದು ಕೇಳಿದರು. ನಮ್ಮ ಬಳಿ ಉತ್ತರ ಇರಲಿಲ್ಲ. ಚಾ ಕುಡಿಸಿ ಕಳಿಸಿದೆವು, ಅಷ್ಟೆ.

ಆ ಹುಡುಗನಿಗೆ ಆಟಿಸಂ. ಕನ್ನಡದಲ್ಲಿ ಸ್ವಲೀನತೆ ಅಂತ ಬರೆಯುತ್ತಾರೆ. ತನ್ನೊಳಗೇ ಲೀನವಾಗಿರುವುದು ಎಂಬ ಅರ್ಥದ ಈ ಪದ ನಮಗೆ ಅಷ್ಟಾಗಿ ಒಪ್ಪಿಗೆಯಿಲ್ಲ, ಯಾಕೆಂದರೆ ಈ ಹುಡುಗ ಹೊರಗಿನ ವಸ್ತುಗಳನ್ನು ನಮಗಿಂತ ಚೆನ್ನಾಗಿ ನೋಡುತ್ತಿದ್ದ. ಶಾಲೆಯ ಜಗಲಿಯ ಕೆಳಗೆ ಮಕ್ಕಳು ಚೆಲ್ಲಾಪಿಲ್ಲಿ ಬಿಟ್ಟ ಚಪ್ಪಲಿಗಳನ್ನೆಲ್ಲ ಜೋಡಿ ಮಾಡಿ, ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಇಡುವುದು ಅವನ ದಿನದ ಕೆಲಸ. ಒಂದು ಜೋಡಿ ತಪ್ಪಿದರೂ ಅಳು. ನಾವು ಏನು ಮಾಡುತ್ತಿದ್ದೆವು? ಗದರಿಸಿ, ಕೈಹಿಡಿದು ಒಳಗೆ ಎಳೆದು ತಂದು ಬೆಂಚಿನಲ್ಲಿ ಕೂರಿಸುತ್ತಿದ್ದೆವು. ಟಿಸಿಎಚ್ ಓದುವಾಗ ನಮ್ಮ ಮನಶ್ಶಾಸ್ತ್ರದ ಪಾಠದಲ್ಲಿ ಆಟಿಸಂ ಎಂಬ ಮಾತು ಬಂದ ನೆನಪು ನಮಗಿಲ್ಲ. ಬಂದಿದ್ದರೂ ಅದು ಪರೀಕ್ಷೆಗೆ ಮುಖ್ಯವಲ್ಲ ಎಂದು ಬಿಟ್ಟಿರಬೇಕು!

ಬೇಸಗೆ ರಜೆಯಲ್ಲಿ ಆ ತಾಯಿಯ ಪ್ರಶ್ನೆಯ ಬೆನ್ನು ಹಿಡಿದು ಹೋದಾಗ ತಿಳಿದದ್ದು, ಆಟಿಸಂ ಇರುವವರು ದೊಡ್ಡವರಾದ ಮೇಲೆ ಏನಾಗುತ್ತಾರೆ ಎನ್ನುವುದನ್ನು ವೈದ್ಯಲೋಕವೂ ಬಹಳ ತಡವಾಗಿ ಕೇಳಿತು ಎಂದು. ಆ ಚರಿತ್ರೆಯನ್ನು ನಮಗೆ ತಿಳಿದಷ್ಟು ಇಲ್ಲಿ ಹೇಳುತ್ತೇವೆ.

1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಇಂದು ಆಟಿಸಂ ಎನ್ನುವುದನ್ನು ಪ್ರತ್ಯೇಕ ಸ್ಥಿತಿಯಾಗಿ ವಿವರಿಸಿದ ಮೊದಲ ಪ್ರಮುಖ ಬರಹಗಳಲ್ಲಿ ಅದೂ ಒಂದು. ಅದರಲ್ಲಿ ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್. ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವನು, 1933ರಲ್ಲಿ ಹುಟ್ಟಿದವನು. ತಂದೆ ವಕೀಲ. ತಾಯಿಯ ತವರಿನವರು ಊರಿನ ಬ್ಯಾಂಕಿನ ಸ್ಥಾಪಕರು. ನಾಲ್ಕು ವರ್ಷ ತುಂಬುವ ಮೊದಲೇ, 1937ರಲ್ಲಿ, ವೈದ್ಯರ ಮಾತು ಕೇಳಿ ಮಗುವನ್ನು ಒಂದು ಸಂಸ್ಥೆಯಲ್ಲಿ ಬಿಟ್ಟರು. ತಿಂಗಳಿಗೆ ಎರಡು ಸಲ ನೋಡಲು ಅವಕಾಶ. ಒಂದು ವರ್ಷದ ನಂತರ ತಂದೆತಾಯಿ ಹಟ ಹಿಡಿದು ಮನೆಗೆ ಕರೆತಂದರು. ತಂದೆ ಮಗನ ಬಗ್ಗೆ 33 ಪುಟಗಳ ಪತ್ರ ಬರೆದು ಕ್ಯಾನರ್ ಅವರಿಗೆ ಕಳಿಸಿದರು. ನಮ್ಮಲ್ಲಿ ಅರ್ಜಿಯ ಫಾರಂ ತುಂಬಿಸುವುದೇ ಕಷ್ಟ, ಇರಲಿ.

1942ರಲ್ಲಿ ಡೊನಾಲ್ಡನನ್ನು ಮನೆಯಿಂದ ಸುಮಾರು ಹತ್ತು ಮೈಲಿ ದೂರದ ಒಂದು ಹೊಲದ ಮನೆಯಲ್ಲಿ, ಲೂಯಿಸ್ ಎಂಬ ರೈತ ದಂಪತಿಯ ಬಳಿ ಇರಿಸಿದರು. 1945ರಲ್ಲಿ ಕ್ಯಾನರ್ ಅಲ್ಲಿಗೆ ಹೋದರು. ಅವರು ಕಂಡದ್ದನ್ನು ಓದುವಾಗ ನಮಗೆ ನಮ್ಮ ಜಗಲಿಯ ಚಪ್ಪಲಿಗಳು ಕಣ್ಣಿಗೆ ಬಂದವು. ಹುಡುಗನಿಗೆ ಅಳೆಯುವ ಹುಚ್ಚು. ದಂಪತಿ ಅವನಿಂದ ಬಾವಿ ತೋಡಿಸಿ, ಎಷ್ಟು ಆಳವಾಯಿತು ಎಂದು ಅವನೇ ಅಳೆದು ಹೇಳುವಂತೆ ಮಾಡಿದರು. ಸತ್ತ ಹಕ್ಕಿ, ಹುಳಗಳನ್ನು ಆರಿಸಿ ತರುತ್ತಿದ್ದ. ಹೊಲದ ಮೂಲೆಯಲ್ಲಿ ಅವುಗಳಿಗೊಂದು ಸ್ಮಶಾನ ಮಾಡಿಕೊಟ್ಟರು. ಅವನು ಪ್ರತಿಯೊಂದಕ್ಕೂ ಹೆಸರಿಟ್ಟು, ಸತ್ತ ತಾರೀಕು ಬರೆದು ಫಲಕ ನೆಟ್ಟ. ಕೊನೆಯ ಹೆಸರು ಮಾತ್ರ ಎಲ್ಲದಕ್ಕೂ ಲೂಯಿಸ್, ಮನೆಯವರೇ ಅಲ್ಲವೇ! ಮೆಕ್ಕೆಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದಾಗ, ನೇಗಿಲು ಅವನ ಕೈಗೆ ಕೊಟ್ಟು, ಉಳುತ್ತಾ ಎಣಿಸು ಎಂದರು. ಕ್ಯಾನರ್ ನೋಡುತ್ತಿದ್ದಂತೆಯೇ ಹನ್ನೊಂದರ ಬಾಲಕ ಕುದುರೆ ಹೂಡಿದ ನೇಗಿಲಿನಲ್ಲಿ ಆರು ಉದ್ದ ಸಾಲು ಉತ್ತು, ಕುದುರೆಯನ್ನೂ ಸರಿಯಾಗಿ ತಿರುಗಿಸಿದ.

ಆ ದಂಪತಿ ಮನಶ್ಶಾಸ್ತ್ರ ಕಲಿತವರಲ್ಲ. ಎಣಿಸಬೇಡ ಎನ್ನಲಿಲ್ಲ, ಎಣಿಕೆಯ ಕೆಳಗೊಂದು ಕೆಲಸ ಇಟ್ಟರು. ನಾವು ಅಷ್ಟನ್ನೂ ಮಾಡಲಿಲ್ಲ.

ಡೊನಾಲ್ಡ್ ಆಮೇಲೆ ಹೈಸ್ಕೂಲು ಮುಗಿಸಿ, 1958ರಲ್ಲಿ ಮಿಲ್‌ಸ್ಯಾಪ್ಸ್ ಕಾಲೇಜಿನಿಂದ ಫ್ರೆಂಚ್ ಭಾಷೆಯಲ್ಲಿ ಬಿ.ಎ. ಪಡೆದರು. ತಾಯಿಯ ಮನೆಯವರ ಬ್ಯಾಂಕಿನಲ್ಲೇ ಕೆಲಸಕ್ಕೆ ಸೇರಿ ಸುಮಾರು 65 ವರ್ಷ ಅಲ್ಲಿ ಲೆಕ್ಕಪತ್ರ ನೋಡಿಕೊಂಡರು. ಗಾಲ್ಫ್ ಆಡಿದರು, ಸ್ವಂತ ಕಾರು ಓಡಿಸಿದರು, ಒಬ್ಬರೇ ದೇಶದೇಶ ತಿರುಗಿದರು. ಪರಿಚಯದವರಿಗೆಲ್ಲ ಒಂದೊಂದು ನಂಬರು ಕೊಡುತ್ತಿದ್ದರಂತೆ. ಊರವರು ಆ ನಂಬರನ್ನು ಬಿರುದಿನಂತೆ ಇಟ್ಟುಕೊಂಡಿದ್ದರು. 2023ರ ಜೂನ್‌ನಲ್ಲಿ, 89ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಬ್ಯಾಂಕು ಅಜ್ಜನ ಮನೆಯದು ಎನ್ನುವುದನ್ನು ಮರೆಯಬಾರದು. ಸಂದರ್ಶನವಿಲ್ಲ, ಪೈಪೋಟಿಯಿಲ್ಲ. ಅದೇ ಕಾಲದ ಮಿಸಿಸಿಪ್ಪಿಯಲ್ಲಿ ಒಬ್ಬ ಕರಿಯ ಕೂಲಿಯ ಮನೆಯಲ್ಲಿ ಇಂಥದೇ ಮಗು ಹುಟ್ಟಿದ್ದರೆ ಬಾಲ್ಟಿಮೋರಿನ ವೈದ್ಯರವರೆಗೆ ಅದರ ಸುದ್ದಿಯೂ ಹೋಗುತ್ತಿರಲಿಲ್ಲ.

ಹಾಗಾದರೆ ಉಳಿದ ಹತ್ತು ಮಕ್ಕಳು? 1971ರಲ್ಲಿ, ಎಪ್ಪತ್ತೇಳನೆಯ ವಯಸ್ಸಿನ ಸುಮಾರಿಗೆ, ಕ್ಯಾನರ್ ಅವರನ್ನೆಲ್ಲ ಹುಡುಕಿಸಿ ಮತ್ತೊಂದು ಲೇಖನ ಬರೆದರು. ನಮ್ಮ ಮಟ್ಟಿಗೆ ಮೊದಲಿನದಕ್ಕಿಂತ ಇದೇ ದೊಡ್ಡದು. ಫ್ರೆಡರಿಕ್ ಎಂಬವರು ಆಶ್ರಿತ ಕಾರ್ಯಾಗಾರದಲ್ಲಿ ತರಬೇತಿ ಪಡೆದು, ವಾಯುಮಾಲಿನ್ಯಕ್ಕೆ ಸಂಬಂಧಿಸಿದ ಸರಕಾರಿ ಕಚೇರಿಯೊಂದರಲ್ಲಿ ಪ್ರತಿ ತೆಗೆಯುವ ಯಂತ್ರ ನಡೆಸುತ್ತಿದ್ದರು. ನಂಬಿಕಸ್ಥ ನೌಕರ ಎಂದು ಮೇಲಧಿಕಾರಿಯಿಂದ ಹೊಗಳಿಕೆ. ಹರ್ಬರ್ಟ್ ಎಂಬವರಿಗೆ ಮಾತೇ ಬರಲಿಲ್ಲ. ಅವರೂ ಒಂದು ರೈತ ಕುಟುಂಬದಲ್ಲಿ ಬೆಳೆದರು. ಮನೆಯ ಯಜಮಾನ ತೀರಿಹೋದ ಮೇಲೆ ಆತನ ಹೆಂಡತಿ ವೃದ್ಧೆಯರ ಆರೈಕೆಯ ಮನೆ ತೆರೆದಾಗ, ಹರ್ಬರ್ಟ್ ಅಲ್ಲೇ ಉಳಿದು ಮನೆಯ ಕೆಲಸಗಳಲ್ಲಿ ಕೈಜೋಡಿಸಿದರು. ಮಾತಿಲ್ಲದವರಿಗೆ ಕೆಲಸವಿಲ್ಲ ಎನ್ನುವವರು ಇವರನ್ನು ನೆನೆಯಬೇಕು.

ಇನ್ನು ನಾಲ್ವರು ಚಿಕ್ಕಂದಿನಲ್ಲೇ ದೊಡ್ಡ ಸರಕಾರಿ ಸಂಸ್ಥೆಗಳಿಗೆ ಸೇರಿ ಆಯುಷ್ಯದ ಹೆಚ್ಚಿನ ಭಾಗವನ್ನು ಅಲ್ಲೇ ಕಳೆದರು. ಅವರಲ್ಲಿ ಮೊದಲು ಕಂಡಿದ್ದ ಚುರುಕು, ನೆನಪಿನ ಶಕ್ತಿ ಎಲ್ಲ ಸೇರಿದ ಸ್ವಲ್ಪ ಸಮಯದಲ್ಲೇ ಆರಿಹೋಯಿತು ಎಂದು ಕ್ಯಾನರ್ ದಾಖಲಿಸಿದ್ದಾರೆ. ಸಂಸ್ಥೆಗೆ ಸೇರಿಸುವುದು ಜೀವಾವಧಿ ಶಿಕ್ಷೆಗೆ ಸಮ ಎಂಬುದು ಅವರ ತೀರ್ಮಾನ. ಹನ್ನೊಂದೇ ಮಕ್ಕಳ ಲೆಕ್ಕದಿಂದ ಸಿದ್ಧಾಂತ ಕಟ್ಟಬಾರದು, ನಿಜ. ಆದರೆ ಹರ್ಬರ್ಟ್ ಚಿಕ್ಕಂದಿನಲ್ಲಿ ಆ ನಾಲ್ವರಿಗಿಂತ ಮುಂದಿದ್ದವರೇನಲ್ಲ. ಅವರ ಪಾಲಿಗೆ ಬಂದದ್ದು ಅವರಿಗೆ ತಕ್ಕಂತೆ ಕೆಲಸವನ್ನು ಬಗ್ಗಿಸಿದ ಒಂದು ಮನೆ.

ಇದೇ ಚರಿತ್ರೆಗೆ ಒಂದು ಕರಾಳ ಪುಟವೂ ಇದೆ. ವಿಯೆನ್ನಾದ ವೈದ್ಯ ಹಾನ್ಸ್ ಆಸ್ಪರ್ಗರ್ 1944ರಲ್ಲಿ ಇಂಥ ಮಕ್ಕಳ ಬಗ್ಗೆಯೇ ಬರೆದರು. ಅವರಲ್ಲಿ ಕೆಲವರು ತಮ್ಮ ಆಸಕ್ತಿಯ ಉದ್ಯೋಗದಲ್ಲಿ ಬಹಳ ಮೇಲೇರಬಲ್ಲರು ಎಂದರು. ಬಹುಕಾಲ ಅವರನ್ನು ಮಕ್ಕಳ ರಕ್ಷಕ ಎಂದೇ ಕೊಂಡಾಡಿದರು. 2018ರಲ್ಲಿ ಹೆರ್ವಿಗ್ ಚೆಕ್ ಎಂಬ ಇತಿಹಾಸಕಾರರು ಹಳೆಯ ಕಡತಗಳನ್ನು ತೆರೆದಾಗ ಬೇರೆಯೇ ಕಂಡಿತು. ನಾಜಿಗಳು ನೂರಾರು ಮಕ್ಕಳನ್ನು ಕೊಂದ ಶ್ಪೀಗೆಲ್‌ಗ್ರುಂಡ್ ಎಂಬ ಕೇಂದ್ರಕ್ಕೆ ಅದೇ ವೈದ್ಯರು ಕೆಲವು ಮಕ್ಕಳನ್ನು ಕಳಿಸಿದ್ದರು. ಉಪಯೋಗಕ್ಕೆ ಬರುವವನು ಬದುಕಲಿ ಎಂಬ ಅಳತೆಗೋಲು ಎಲ್ಲಿಗೆ ಮುಟ್ಟುತ್ತದೆ ನೋಡಿ. ಹಾಗಾಗಿ ಉದ್ಯೋಗದ ಬಗ್ಗೆ ಬರೆಯುವಾಗ, ಕೆಲಸ ಮಾಡಲಾಗದವರ ಬೆಲೆ ಕಡಿಮೆ ಎಂಬ ಧ್ವನಿ ಬರದಂತೆ ನಾವು ಎಚ್ಚರದಿಂದ ಇರಬೇಕಾಗುತ್ತದೆ.

ಕೂಲಿಯ ವಿಷಯಕ್ಕೆ ಬಂದರೂ ಕಥೆ ಅಷ್ಟು ಚೆಂದವಿಲ್ಲ. ಅಮೆರಿಕದ 1938ರ ಕಾರ್ಮಿಕ ಕಾಯ್ದೆಯಲ್ಲಿ ಅಂಗವಿಕಲರಿಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡಲು ದಾರಿ ಬಿಟ್ಟಿದ್ದರು. ನಮ್ಮ 1948ರ ಕನಿಷ್ಠ ವೇತನ ಕಾಯ್ದೆಯಲ್ಲೂ ಅಂಗವಿಕಲ ನೌಕರರಿಗೆ ಕಾಯ್ದೆ ಅನ್ವಯಿಸದಂತೆ ಸರಕಾರ ಆದೇಶಿಸಬಹುದೆಂಬ ಕಲಮು ಇತ್ತು. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿರಲಿ.

ಕೆಲಸ ಗೊತ್ತಿದ್ದೂ ಸಂದರ್ಶನದಲ್ಲಿ ಬೀಳುವುದು ಆಟಿಸಂ ಇರುವವರ ದೊಡ್ಡ ತೊಡಕು. ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಬೇಕು, ನಗಬೇಕು, ತನ್ನನ್ನು ತಾನೇ ಹೊಗಳಿಕೊಳ್ಳಬೇಕು. ಡೆನ್ಮಾರ್ಕಿನಲ್ಲಿ ಥೋರ್ಕಿಲ್ ಸೋನೆ ಎಂಬ ದೂರಸಂಪರ್ಕ ಕಂಪನಿಯ ನೌಕರರಿಗೆ ಆಟಿಸಂ ಇರುವ ಮಗನಿದ್ದ. ಅವರು 2004ರಲ್ಲಿ ಮನೆಯನ್ನು ಅಡವಿಟ್ಟು ಸ್ಪೆಷಲಿಸ್ಟರ್ನೆ ಎಂಬ ಸಂಸ್ಥೆ ಕಟ್ಟಿದರು. ಅಲ್ಲಿ ಸಂದರ್ಶನದ ಬದಲು ಲೆಗೋ ರೋಬೋಟ್ ಜೋಡಿಸಲು ಕೊಟ್ಟು, ಹೇಗೆ ಯೋಚಿಸುತ್ತಾರೆ ಎಂದು ನೋಡುತ್ತಿದ್ದರು. ಆಮೇಲೆ ತಂತ್ರಾಂಶದ ತಪ್ಪು ಹುಡುಕುವ ಕೆಲಸ. ಇದಕ್ಕೂ ನಮ್ಮ ಬೆಂಗಳೂರಿಗೂ ನಂಟಿದೆ. ಜರ್ಮನಿಯ ಎಸ್ಎಪಿ ಕಂಪನಿ ತನ್ನ ಬೆಂಗಳೂರು ಕಚೇರಿಯಲ್ಲಿ ಆಟಿಸಂ ಇರುವ ಕೆಲವರನ್ನು ತಂತ್ರಾಂಶ ಪರೀಕ್ಷಕರಾಗಿ ತೆಗೆದುಕೊಂಡು ನೋಡಿದ ಮೇಲೆಯೇ, 2013ರಲ್ಲಿ ಈ ಸಂಸ್ಥೆಯೊಂದಿಗೆ ಸೇರಿ ಜಗತ್ತಿನಾದ್ಯಂತ ಯೋಜನೆ ಪ್ರಕಟಿಸಿತು. 2020ರೊಳಗೆ ತನ್ನ ನೌಕರರಲ್ಲಿ ನೂರಕ್ಕೊಬ್ಬರು ಇಂಥವರಿರಬೇಕೆಂಬ ಗುರಿಯಿತ್ತು. ಅದು ಈಡೇರಲಿಲ್ಲ. ಆದರೂ ದಾರಿ ತೋರಿದ್ದು ದೊಡ್ಡದೇ. ನಮ್ಮ ಅಳುಕು ಬೇರೆ. ಆಟಿಸಂ ಇದ್ದವರೆಲ್ಲ ಕಂಪ್ಯೂಟರ್ ಜಾಣರು ಎಂಬ ಹೊಸ ಮೂಢನಂಬಿಕೆ ಇದರಿಂದ ಹುಟ್ಟಿದೆ. ಇಂಗ್ಲಿಷು, ಕಂಪ್ಯೂಟರು ಎರಡೂ ಇಲ್ಲದ ಮನೆಯ ಹುಡುಗನಿಗೆ ಅದರಿಂದ ಏನು ಬಂತು?

ಲೆಕ್ಕ ಇಡುವ ದೇಶಗಳ ಸ್ಥಿತಿಯೂ ಹೇಳಿಕೊಳ್ಳುವಂತಿಲ್ಲ. ಬ್ರಿಟನ್ನಿನ ಸರಕಾರಿ ಅಂಕಿಅಂಶ ಕಚೇರಿ 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2020ರಲ್ಲಿ ಆಟಿಸಂ ಇರುವ ದುಡಿಯುವ ವಯಸ್ಸಿನವರಲ್ಲಿ ಉದ್ಯೋಗದಲ್ಲಿದ್ದವರು ನೂರಕ್ಕೆ ಸುಮಾರು 22 ಮಂದಿ. 2024ರ ಬಕ್‌ಲ್ಯಾಂಡ್ ವರದಿ ಹತ್ತರಲ್ಲಿ ಮೂವರು ಎಂದಿತು.

ಭಾರತದ 1995ರ ಅಂಗವಿಕಲರ ಕಾಯ್ದೆಯ ಏಳು ಬಗೆಗಳಲ್ಲಿ ಆಟಿಸಂ ಇರಲೇ ಇಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತು, ಹದಿನೆಂಟು ದಾಟಿದವರಿಗೆ ಪಾಲಕರನ್ನು ನೇಮಿಸುವ ವ್ಯವಸ್ಥೆ ತಂದಿತು. ಉದ್ಯೋಗದ ಮೀಸಲಾತಿ ಬಂದದ್ದು 2016ರ ಕಾಯ್ದೆಯಲ್ಲಿ. ಅದರ ಪ್ರಕಾರ ಸರಕಾರಿ ಹುದ್ದೆಗಳಲ್ಲಿ ಒಟ್ಟು ಶೇಕಡಾ 4. ಅದರಲ್ಲಿ ಆಟಿಸಂ, ಬೌದ್ಧಿಕ ನ್ಯೂನತೆ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಕಲತೆ ಇವೆಲ್ಲಕ್ಕೂ ಸೇರಿ ಶೇಕಡಾ 1. 2021ರ ಜನವರಿಯಲ್ಲಿ ಕೇಂದ್ರ ಸರಕಾರ ಅಂಗವಿಕಲರಿಗೆ ತಕ್ಕವೆಂದು 3566 ಹುದ್ದೆಗಳ ಪಟ್ಟಿ ಹೊರಡಿಸಿತು. ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ವಿದ್ಯಾರ್ಹತೆ ಬೇಕು, ಪರೀಕ್ಷೆ ಪಾಸಾಗಬೇಕು. ನಾಲ್ಕನೆಯಲ್ಲೇ ನಾವು ಕೈಬಿಟ್ಟ ಹುಡುಗ ಅಲ್ಲಿಗೆ ಮುಟ್ಟುವುದು ಹೇಗೆ?

ಕೇರಳದಲ್ಲಿ ಬಡ್ಸ್ ಶಾಲೆಗಳಿವೆ ಎನ್ನುವುದು ದೊಡ್ಡ ಸಮಾಧಾನ. 2004ರಲ್ಲಿ ತಿರುವನಂತಪುರ ಜಿಲ್ಲೆಯ ವೆಂಙಾನೂರಿನಲ್ಲಿ ಮೊದಲನೆಯದು ಆರಂಭವಾಯಿತು. ಹದಿನೆಂಟು ದಾಟಿದವರಿಗೆ ಬಡ್ಸ್ ಪುನರ್ವಸತಿ ಕೇಂದ್ರಗಳೂ ಇವೆ, ಸಣ್ಣಪುಟ್ಟ ಕೈಕೆಲಸ ಕಲಿಸುತ್ತಾರೆ. ಆದರೆ ನಮ್ಮ ಹುಡುಗನ ಮನೆಯಿಂದ ಹತ್ತಿರದ ಕೇಂದ್ರಕ್ಕೆ ಎರಡು ಬಸ್ಸು ಬದಲಾಯಿಸಬೇಕು, ಬಸ್ಸಿನ ಹಾರ್ನಿಗೆ ಅವನು ಕಿವಿ ಮುಚ್ಚಿ ಕೂಗುತ್ತಾನೆ. ಮೇಲಾಗಿ ಮನೆಯಲ್ಲಿ ತುಳು, ನಮ್ಮಲ್ಲಿ ಕಲಿತದ್ದು ಕನ್ನಡ, ಅಲ್ಲಿಯ ಸೂಚನೆಗಳೆಲ್ಲ ಮಲಯಾಳದಲ್ಲಿ. ಒಂದು ಭಾಷೆಯ ಮಾತನ್ನೇ ಕಷ್ಟಪಟ್ಟು ಹಿಡಿದುಕೊಂಡವನಿಗೆ ಮೂರನೆಯದು! ಗಡಿನಾಡಿನಲ್ಲಿ ಭಾಷೆಯ ಪ್ರಶ್ನೆ ಎಂದರೆ ಬೋರ್ಡು, ಪಠ್ಯಪುಸ್ತಕ ಎಂದಷ್ಟೇ ನಾವು ಇಷ್ಟು ವರ್ಷ ಅಂದುಕೊಂಡಿದ್ದೆವು.

ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಅವರ ಮನೆಗೆ ಹೋದೆವು. ಹುಡುಗ ಇರಲಿಲ್ಲ, ನೆರೆಮನೆಯ ಅಡಿಕೆ ಅಂಗಳದಲ್ಲಿದ್ದ. ಹೋಗಿ ನೋಡಿದರೆ ಸುಲಿದ ಅಡಿಕೆಯ ರಾಶಿಯ ಮುಂದೆ ಕೂತು ಚಾಲಿ ಬೇರೆ, ಪಟೋರ ಬೇರೆ, ಉಳ್ಳಿ ಬೇರೆ, ಕೋಕ ಬೇರೆ ಎಂದು ಹೆಕ್ಕಿ ಹಾಕುತ್ತಿದ್ದ. ನಮ್ಮತ್ತ ತಲೆಯೆತ್ತಲಿಲ್ಲ. ಯಜಮಾನರು, "ಇವನ ಕಣ್ಣು ತಪ್ಪಿಸುವುದಕ್ಕೆ ಒಂದು ಕೋಕಕ್ಕೂ ಸಾಧ್ಯ ಇಲ್ಲ ಮಾಷ್ಟ್ರೇ" ಎಂದು ಹೆಮ್ಮೆಪಟ್ಟರು. ಕೂಲಿ ಎಷ್ಟು ಎಂದು ಕೇಳಿದೆವು. ಮಧ್ಯಾಹ್ನ ಊಟ, ಸಂಜೆ ಚಾ, ಕೈಗೆ ಐವತ್ತು ರೂಪಾಯಿ. ಪಕ್ಕದಲ್ಲಿ ಅದೇ ಕೆಲಸ ಮಾಡುವವರಿಗೆ ಸಿಗುವುದರ ಕಾಲು ಭಾಗವೂ ಅಲ್ಲ. "ಅವನಿಗೆ ದುಡ್ಡು ಗೊತ್ತಾಗುವುದಿಲ್ಲವಲ್ಲ" ಎಂದರು. ಕೆಟ್ಟ ಮನುಷ್ಯರಲ್ಲ, ಅವನನ್ನು ಅಂಗಳಕ್ಕೆ ಕರೆದವರೇ ಅವರು. ಆದರೂ ನಾವು ಬಿಡಲಿಲ್ಲ. ಕಿಲೋ ಲೆಕ್ಕದಲ್ಲಿ ಎಲ್ಲರಿಗೂ ಕೊಡುವಷ್ಟೇ ಕೊಡಿ, ತಾಯಿಯೊಂದಿಗೆ ಜಂಟಿ ಖಾತೆ ಮಾಡಿಸುತ್ತೇವೆ ಎಂದೆವು. ಸ್ವಲ್ಪ ಬಿಸಿ ಮಾತು ನಡೆದು, ಕೊನೆಗೆ ಒಪ್ಪಿದರು.

ತೂಗಿದ ಕಿಲೋವನ್ನು ಹುಡುಗ ಈಗ ಗೋಡೆಯ ಕ್ಯಾಲೆಂಡರಿನಲ್ಲಿ ತಾನೇ ಬರೆದಿಡುತ್ತಾನೆ, ಪ್ರತಿ ಅಂಕೆಯೂ ಚೌಕದ ನಟ್ಟನಡುವೆ. ಸುಲಿಯಲು ಉಳಿದಿರುವ ಅಡಿಕೆ ಇನ್ನು ಹೆಚ್ಚೆಂದರೆ ಮೂರು ವಾರಕ್ಕೆ. ಆಮೇಲೆ ಹೊಸ ಅಡಿಕೆ ಒಣಗುವವರೆಗೆ ಅಂಗಳ ಖಾಲಿ. ಅಷ್ಟರಲ್ಲಿ ಏನಾದರೂ ನೋಡಿ ಎಂದು ತಾಯಿ ಹೇಳಿ ಕಳಿಸಿದ್ದಾರೆ. ಪೇಟೆಯ ಅಂಗಡಿಯವರೊಬ್ಬರನ್ನು ನಾಳೆ ಸಂಜೆ ಕಾಣುವುದೆಂದು ಮಾಡಿದ್ದೇವೆ. ಅವರದು ಚಪ್ಪಲಿ ಅಂಗಡಿ.