ಕೇಳಿ ಕಲಿತ ಜಾನಪದ: ಫ್ಲೀಟ್ ಫಾಕ್ಸಸ್, 2008

ಇವತ್ತು ಒಂದು ಅಮೆರಿಕನ್ ಆಲ್ಬಮ್ ಇಟ್ಟುಕೊಂಡು ಒಂದು ಪ್ರಶ್ನೆ ಕೇಳೋಣ. ಜಾನಪದ ಯಾರದ್ದು? ಆ ನೆಲದಲ್ಲಿ ಹುಟ್ಟಿದವರದ್ದು ಮಾತ್ರನಾ, ದೂರ ಕೂತು ಕೇಳಿ ಕಲಿತವರದ್ದೂ ಹೌದಾ?

2008ರ ಜೂನ್‌ನಲ್ಲಿ ಸಿಯಾಟಲ್‌ನ ಫ್ಲೀಟ್ ಫಾಕ್ಸಸ್ ತಂಡದ ಮೊದಲ ಪೂರ್ಣ ಆಲ್ಬಮ್ ಬಂತು. ಆಲ್ಬಮ್ಮಿಗೂ ತಂಡದ್ದೇ ಹೆಸರು. ಹೊರತಂದದ್ದು ಸಬ್ ಪಾಪ್, ಅಂದರೆ 1989ರಲ್ಲಿ ನಿರ್ವಾಣ ತಂಡದ ಮೊದಲ ಆಲ್ಬಮ್ ತಂದಿದ್ದ ಅದೇ ಕಂಪನಿ. ಗಿಟಾರಿನ ಅಬ್ಬರಕ್ಕೆ ಹೆಸರಾದ ಊರಿಂದ ಈ ಸಲ ಬಂದದ್ದು ಬೇರೆಯದೇ ಸದ್ದು. ಹಲವು ಕಂಠಗಳು ಒಂದರ ಮೇಲೊಂದು ಕೂತು, ದೊಡ್ಡ ಚರ್ಚಿನೊಳಗೆ ಹಾಡಿದ ಹಾಗೆ ಮೊಳಗುತ್ತವೆ.

ವಿಮರ್ಶಕರು ಮೆಚ್ಚಿದರು. ವರ್ಷದ ಕೊನೆಗೆ ಪಿಚ್‌ಫೋರ್ಕ್ ಇದನ್ನು, ತಂಡದ 'ಸನ್ ಜೈಂಟ್' ಕಿರು ಆಲ್ಬಮ್ ಜೊತೆ ಸೇರಿಸಿ, ತನ್ನ ಪಟ್ಟಿಯ ಮೊದಲ ಸ್ಥಾನದಲ್ಲಿಟ್ಟಿತು. ಬ್ರಿಟನ್ನಿನ ಅನ್‌ಕಟ್ ಪತ್ರಿಕೆ ಆ ವರ್ಷ ಶುರು ಮಾಡಿದ ಪ್ರಶಸ್ತಿಯೂ ಮೊದಲು ಸಿಕ್ಕಿದ್ದು ಇದಕ್ಕೇ. ಹೊಗಳಿಕೆಯಲ್ಲಿ ಒಂದು ರಾಗ ಮತ್ತೆ ಮತ್ತೆ ಬರುತ್ತಿತ್ತು: ಇದು ಹಳೆಯದು, ಬೆಟ್ಟದ ಸೀಮೆಯದು, ಕಾಲಕ್ಕೆ ಸಿಗದ್ದು.

ಆದರೆ ಭೂಪಟ ತೆಗೆದು ನೋಡಿ. ಒಂದು ಹಾಡಿನ ಹೆಸರಲ್ಲಿರುವ ಬ್ಲೂ ರಿಜ್ ಬೆಟ್ಟಸಾಲು ಅಮೆರಿಕದ ಪೂರ್ವದಲ್ಲಿದೆ. ಸಿಯಾಟಲ್ ಇರೋದು ಪಶ್ಚಿಮದ ತುದಿಯಲ್ಲಿ. ತಂಡ ಕಟ್ಟಿದ ರಾಬಿನ್ ಪೆಕ್‌ನೋಲ್ಡ್ ಮತ್ತು ಸ್ಕೈಲರ್ ಶೆಲ್‌ಸೆಟ್ ಸಿಯಾಟಲ್ ಪಕ್ಕದ ಕರ್ಕ್‌ಲೆಂಡ್‌ನ ಶಾಲಾ ಗೆಳೆಯರು. ಅವರನ್ನು ಹತ್ತಿರ ತಂದದ್ದು ಬಾಬ್ ಡಿಲನ್, ನೀಲ್ ಯಂಗ್ ಹಾಡುಗಳು. ಅಂದರೆ ವಿಮರ್ಶಕರಿಗೆ ಕೇಳಿಸಿದ ಬೆಟ್ಟದ ಗಾಳಿ ಬಂದದ್ದು ಮನೆಯ ರೆಕಾರ್ಡುಗಳಿಂದ.

ಮುಖಪುಟವೂ ಹಾಗೇ. ಅದು ಬ್ರೂಗೆಲ್ 1559ರಲ್ಲಿ ಬರೆದ, ಈಗ ಬರ್ಲಿನ್ನಿನಲ್ಲಿರುವ ಗಾದೆಗಳ ಚಿತ್ರ. ದೂರದಿಂದ ಚೆಂದದ ಹಳ್ಳಿ. ಹತ್ತಿರ ಹೋದರೆ ಒಬ್ಬ ಗೋಡೆಗೆ ತಲೆ ಚಚ್ಚುತ್ತಿದ್ದಾನೆ, ಇನ್ನೊಬ್ಬ ಕರು ಮುಳುಗಿದ ಮೇಲೆ ಬಾವಿ ಮುಚ್ಚುತ್ತಿದ್ದಾನೆ. ನಮ್ಮಲ್ಲಾದರೆ 'ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು' ಅಂತೀವಲ್ಲ, ಅದೇ.

ಹಾಗಾದರೆ ಇದು ನಕಲಿಯಾ? ನನಗೆ ಹಾಗನ್ನಿಸೋದಿಲ್ಲ. ಪುಣೆಯಲ್ಲಿ ಬೆಳೆದ ನನಗೂ ಬೀಸುಕಲ್ಲಿನ ಪದ ಸಿಕ್ಕಿದ್ದು ಕ್ಯಾಸೆಟ್ಟಿನಲ್ಲೇ, ಬೀಸುಕಲ್ಲಿನ ಮುಂದೆ ಅಲ್ಲ. ಕೇಳಿ ಕಲಿತದ್ದೂ ಕಲಿತದ್ದೇ. ಆದರೆ ದೂರದಿಂದ ಕಲಿತವರಿಗೆ ಒಂದು ಅಪಾಯ ಇದೆ. ಈ ಆಲ್ಬಮ್ಮಿನಲ್ಲಿ ಹಿಮ, ಕಾಡು, ಹಕ್ಕಿ ಧಾರಾಳ. ದುಡಿಯೋ ಕೈ ಕಾಣೋದು ಕಡಿಮೆ. ಪದ ಬಂತು, ಬೀಸೋ ಕಷ್ಟ ಬರಲಿಲ್ಲ. 'ಕಾಲಕ್ಕೆ ಸಿಗದ್ದು' ಅಂತ ಹೊಗಳಿದವರು ಈ ಕೊರತೆಯನ್ನೇ ಗುಣ ಅಂದುಕೊಂಡರೇನೋ.

ತಂಡಕ್ಕೆ ಇದು ತಿಳಿಯದೇ ಇರಲಿಲ್ಲ ಅನ್ನೋದು ನನ್ನ ಊಹೆ. 2011ರ ಎರಡನೇ ಆಲ್ಬಮ್ 'ಹೆಲ್ಪ್‌ಲೆಸ್‌ನೆಸ್ ಬ್ಲೂಸ್'ನ ಶೀರ್ಷಿಕೆ ಹಾಡಲ್ಲಿ, ಹಾಡುವವನು ಹಣ್ಣಿನ ತೋಟವೊಂದರಲ್ಲಿ ಮೈಮುರಿದು ದುಡಿಯೋ ಆಸೆ ಪಡುತ್ತಾನೆ. ಆಸೆ ಅಷ್ಟೇ, ತೋಟ ಇಲ್ಲ. ಆ ಅಂತರವನ್ನು ಮುಚ್ಚಿಡದೆ ಹಾಡಿದ್ದರಿಂದ ನನಗೆ ಅದು ಮೊದಲನೆಯದಕ್ಕಿಂತ ನಿಜ ಅನಿಸುತ್ತದೆ.

ಎರಡನ್ನೂ ಬೆನ್ನಿಗೆ ಬೆನ್ನು ಕೇಳಿ ನೋಡಿ. ಮುಂದಿನ ಮಾತಿನಲ್ಲಿ ಸಿಗೋಣ.